ಹಲ್ಲು ಹೇಳುವ ಹೆಸರು

ಕ್ರಿ.ಶ. 1194. ಇಂದಿನ ಉತ್ತರ ಪ್ರದೇಶದ ಫಿರೋಜಾಬಾದ್ ಸಮೀಪ, ಯಮುನಾ ತೀರದ ಚಂದಾವರ್‌ನಲ್ಲಿ ಮಹಮ್ಮದ್ ಘೋರಿಯ ಸೇನೆಗೂ ಕನೌಜಿನ ದೊರೆ ಜಯಚಂದ್ರನ ಸೇನೆಗೂ ಭಾರಿ ಕಾಳಗ ನಡೆಯಿತು. ಜಯಚಂದ್ರ ಸತ್ತ. ಆದರೆ ಹೆಣಗಳ ರಾಶಿಯಲ್ಲಿ ದೊರೆಯ ಹೆಣ ಯಾವುದು? ಬಹಳ ಹುಡುಕಿದ ಮೇಲೆ ಗುರುತು ಸಿಕ್ಕಿದ್ದು ಬಾಯಲ್ಲಿ. ಅವನ ಹಲ್ಲುಗಳನ್ನು ಚಿನ್ನದಿಂದ ಬಿಗಿದು ಕಟ್ಟಲಾಗಿತ್ತು. ಈ ಸಂಗತಿಯನ್ನು ಬರೆದಿಟ್ಟವರಲ್ಲಿ ಒಬ್ಬ, ನಮ್ಮ ವಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಕುಳಿತು ಇತಿಹಾಸ ರಚಿಸಿದ ಫೆರಿಸ್ತಾ. ಅವನು ಬರೆದದ್ದು ಕಾಳಗ ಮುಗಿದು ನಾನೂರು ವರ್ಷಗಳ ನಂತರ ಎಂದು ಯಾರಾದರೂ ತಕರಾರು ತೆಗೆಯಬಹುದು. ಆದರೆ ಜಯಚಂದ್ರನ ಕಾಲದವನೇ ಆದ ಇಬ್ನ್ ಅಲ್ ಅಥೀರ್ ಎಂಬ ಅರಬ್ಬೀ ಇತಿಹಾಸಕಾರನೂ ಇದನ್ನೇ ಹೇಳುತ್ತಾನೆ.

ಮುಖ ಹೋದರೂ ಹಲ್ಲು ಉಳಿಯುತ್ತದೆ. ಅಸ್ಥಿ ಆರಿಸಲು ಸ್ಮಶಾನಕ್ಕೆ ಹೋದವರು ಬೂದಿಯ ನಡುವೆ ಹಲ್ಲಿನ ಚೂರುಗಳನ್ನು ಕಂಡಿರುತ್ತಾರೆ. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದ ಅತ್ಯಂತ ಗಟ್ಟಿ ವಸ್ತು. ಅದರ ತೂಕದಲ್ಲಿ ಸುಮಾರು ಶೇ 96 ಭಾಗ ಬರೀ ಖನಿಜ. ಕೊಳೆಯಲು ಅದರಲ್ಲಿ ಹೆಚ್ಚೇನೂ ಇಲ್ಲ. ಬೆಂಕಿಗೆ ಮುಂದಿನ ಬಾಚಿಹಲ್ಲುಗಳು ಸೀಳಿಹೋದರೂ ಕೆನ್ನೆ, ನಾಲಗೆಗಳ ಮರೆಯಲ್ಲಿರುವ ದವಡೆ ಹಲ್ಲುಗಳು ಎಷ್ಟೋ ಸಲ ಉಳಿದುಕೊಳ್ಳುತ್ತವೆ. ತಲೆ ಮಾಸಿದರೂ ಬೇರು ದವಡೆಯ ಗುಳಿಯೊಳಗೆ ಭದ್ರವಾಗಿರುತ್ತದೆ.

ಉಳಿಯುವುದಷ್ಟೇ ಅಲ್ಲ, ಒಬ್ಬರ ಹಲ್ಲು ಇನ್ನೊಬ್ಬರ ಹಲ್ಲಿನಂತೆ ಇರುವುದೂ ಇಲ್ಲ. ದೊಡ್ಡವರಿಗೆ 32 ಹಲ್ಲು. ಒಂದೊಂದಕ್ಕೂ ವೈದ್ಯರು ಐದು ಮುಖಗಳನ್ನು ಲೆಕ್ಕ ಹಾಕುತ್ತಾರೆ. ಅಲ್ಲಿಗೆ 160 ಮುಖಗಳಾದವು. ಯಾವ ಮುಖದಲ್ಲಿ ಹುಳುಕು, ಎಲ್ಲಿ ಬೆಳ್ಳಿ ತುಂಬಿಸಿದ್ದಾರೆ, ಯಾವುದನ್ನು ಕಿತ್ತಿದ್ದಾರೆ, ಯಾವುದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕುಳಿತಿದೆ, ಬೇರು ಯಾವ ಕಡೆಗೆ ಬಾಗಿದೆ ಎಂದು ನೋಡುತ್ತ ಹೋದರೆ ಎಲ್ಲವೂ ಹೊಂದುವ ಇಬ್ಬರು ಸಿಗುವುದು ಬಹಳ ಕಷ್ಟ. ತುಂಬಿದ ಬೆಳ್ಳಿಯ ಅಂಚು ಎಕ್ಸ್‌ರೇಯಲ್ಲಿ ಒಂದು ದ್ವೀಪದ ನಕಾಶೆಯಂತೆ ಕಾಣುತ್ತದೆ. ವೈದ್ಯರು ಕೈಯಾರೆ ತುಂಬಿದ್ದಾದ್ದರಿಂದ ಎರಡು ನಕಾಶೆಗಳು ಒಂದೇ ತೆರನಾಗಿರುವುದಿಲ್ಲ.

ಊರಿನ ಸುಳಿವನ್ನೂ ಹಲ್ಲು ಕೊಡುತ್ತದೆ. ಕೋಲಾರ, ಪಾವಗಡದಂಥ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆ ಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆಯನ್ನು ನೋಡದವರು ಕಡಿಮೆ. ಈ ಕಲೆ ಮೂಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ. ಆದ್ದರಿಂದ ಅದು ಹೇಳುವುದು ವ್ಯಕ್ತಿ ಸತ್ತ ಊರನ್ನಲ್ಲ, ಬಾಲ್ಯ ಕಳೆದ ಊರನ್ನು. ವಯಸ್ಸಿನ ಮಾತಂತೂ ಹಳೆಯದೇ. ಇಂಗ್ಲೆಂಡಿನ ಗಿರಣಿಗಳಲ್ಲಿ ಎಳೆಯ ಮಕ್ಕಳನ್ನು ದುಡಿಸಬಾರದೆಂಬ ಕಾಯ್ದೆ ಬಂದಾಗ ಮಗುವಿನ ವಯಸ್ಸು ತಿಳಿಯುವುದೇ ಸಮಸ್ಯೆಯಾಯಿತು. ಎತ್ತರ ನೋಡುವುದಕ್ಕಿಂತ ಹಲ್ಲು ನೋಡುವುದು ಮೇಲೆಂದು ದಂತವೈದ್ಯ ಎಡ್ವಿನ್ ಸಾಂಡರ್ಸ್ 1837ರಲ್ಲೇ ತೋರಿಸಿಕೊಟ್ಟ.

ಇಷ್ಟೆಲ್ಲ ಹೇಳಬಲ್ಲ ಹಲ್ಲು ಒಂದನ್ನು ಮಾತ್ರ ತಾನಾಗಿ ಹೇಳಲಾರದು. ಅದು ವ್ಯಕ್ತಿಯ ಹೆಸರು. ಹೆಸರು ಗೊತ್ತಾಗಬೇಕಾದರೆ ಆ ವ್ಯಕ್ತಿ ಬದುಕಿದ್ದಾಗ ಅವನ ಬಾಯಿ ಹೇಗಿತ್ತೆಂಬುದನ್ನು ಯಾರಾದರೂ ಬರೆದಿಟ್ಟಿರಬೇಕು, ಅಚ್ಚು ತೆಗೆದಿಟ್ಟಿರಬೇಕು, ಕಡೇಪಕ್ಷ ನೆನಪಿಟ್ಟುಕೊಂಡಿರಬೇಕು. ಈ ವಿದ್ಯೆಯ ಗೆಲುವು ಸೋಲುಗಳೆಲ್ಲ ಇರುವುದು ಇಲ್ಲಿಯೇ.

ಅಮೆರಿಕದ ಬಾಸ್ಟನ್ ನಗರದಲ್ಲಿ 1849ರಲ್ಲಿ ನಡೆದ ಪ್ರಕರಣ ನೋಡಿ. ಜಾರ್ಜ್ ಪಾರ್ಕ್‌ಮನ್ ಎಂಬ ಶ್ರೀಮಂತ ವೈದ್ಯ ನವೆಂಬರ್ ತಿಂಗಳಲ್ಲಿ ಕಾಣೆಯಾದ. ಹಾರ್ವರ್ಡ್ ವೈದ್ಯಕೀಯ ಕಾಲೇಜಿಗೆ ಜಾಗ ದಾನ ಕೊಟ್ಟವನೇ ಅವನು. ಅದೇ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜಾನ್ ವೆಬ್‌ಸ್ಟರ್ ಅವನಿಂದ ಸಾಲ ಪಡೆದಿದ್ದ. ಕೆಲ ದಿನಗಳ ಬಳಿಕ ಕಾಲೇಜಿನ ಜವಾನನಿಗೆ ಅನುಮಾನ ಬಂದು ಗೋಡೆ ಒಡೆದು ನೋಡಿದಾಗ ದೇಹದ ತುಂಡುಗಳು ಸಿಕ್ಕವು. ವೆಬ್‌ಸ್ಟರನ ಪ್ರಯೋಗಶಾಲೆಯ ಕುಲುಮೆಯಲ್ಲಿ ಕಟ್ಟಿಸಿದ ಹಲ್ಲಿನ ಚೂರುಗಳಿದ್ದವು. ತಲೆ ಇರಲಿಲ್ಲ. ಆ ದೇಹ ಪಾರ್ಕ್‌ಮನ್‌ನದೇ ಎಂದು ಹೇಳುವುದು ಹೇಗೆ?

ಹೇಳಿದವನು ದಂತವೈದ್ಯ ನೇಥನ್ ಕೀಪ್. ಪಾರ್ಕ್‌ಮನ್‌ನ ಕೆಳದವಡೆ ಮುಂದಕ್ಕೆ ಚಾಚಿಕೊಂಡಿತ್ತು, ಹೊಂದುವ ಹಲ್ಲು ಕಟ್ಟುವುದು ಸುಲಭವಿರಲಿಲ್ಲ. 1846ರಲ್ಲಿ, ಒಂದು ಸಮಾರಂಭಕ್ಕೆ ಬೇಕೆಂದು ಅವಸರಪಡಿಸಿದ್ದರಿಂದ, ಕೀಪ್ ಅದನ್ನು ಹಟ ಹಿಡಿದು ಮಾಡಿಕೊಟ್ಟಿದ್ದ. ಆ ದವಡೆಯ ಅಚ್ಚನ್ನು ಎಸೆಯದೆ ಇಟ್ಟುಕೊಂಡಿದ್ದ. ಕುಲುಮೆಯ ಚೂರುಗಳನ್ನು ನ್ಯಾಯಾಲಯದಲ್ಲಿ ಅಚ್ಚಿಗೆ ಜೋಡಿಸಿ ತೋರಿಸಿದ, ಸಾಕ್ಷಿ ಹೇಳುತ್ತ ಅತ್ತ. ವೆಬ್‌ಸ್ಟರ್‌ಗೆ 1850ರ ಆಗಸ್ಟ್‌ನಲ್ಲಿ ಗಲ್ಲಾಯಿತು. ಮೂರು ವರ್ಷದ ಹಿಂದಿನ ಆ ಅಚ್ಚು ಕಪಾಟಿನಲ್ಲಿ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ.

ಮುಂದಿನ ದೊಡ್ಡ ಪರೀಕ್ಷೆ ಪ್ಯಾರಿಸ್ಸಿನಲ್ಲಿ. 1897ರ ಮೇ 4ರಂದು ಅಲ್ಲಿನ ಧರ್ಮಾರ್ಥ ಸಂತೆಯೊಂದರಲ್ಲಿ, ಚಲನಚಿತ್ರ ತೋರಿಸುತ್ತಿದ್ದ ಯಂತ್ರದಿಂದ ಬೆಂಕಿ ಹೊತ್ತಿಕೊಂಡು 126 ಮಂದಿ ಸತ್ತರು. ಹೆಚ್ಚಿನವರು ದೊಡ್ಡ ಮನೆತನಗಳ ಹೆಂಗಸರು. ಬಟ್ಟೆ, ಒಡವೆ ನೋಡಿ ಗುರುತಿಸಲಾಗದ ದೇಹಗಳು ಉಳಿದಾಗ, ದಂತವೈದ್ಯರನ್ನು ಕರೆಸಿ ಎಂದು ಸೂಚಿಸಿದವನು ಪರಾಗ್ವೆ ದೇಶದ ರಾಯಭಾರ ಪ್ರತಿನಿಧಿ. ಆಸ್ಟ್ರಿಯದ ಮಹಾರಾಣಿಯ ತಂಗಿ, ಅಲಾಂಸೋನ್ ಡಚೆಸ್ ಗುರುತಾದದ್ದು ಹಾಗೆಯೇ. ಕ್ಯೂಬಾ ಮೂಲದ ಆಸ್ಕರ್ ಅಮೊಯೆಡೊ ಈ ಅನುಭವಗಳನ್ನೆಲ್ಲ ಕಲೆಹಾಕಿ ಮರುವರ್ಷ ಒಂದು ಗ್ರಂಥವನ್ನೇ ಬರೆದ. ಈ ಶಾಸ್ತ್ರ ಶುರುವಾದದ್ದು ಅಲ್ಲಿಂದ ಎನ್ನುವುದುಂಟು.

ದಾಖಲೆ ಕಾಗದದ ಮೇಲೇ ಇರಬೇಕೆಂದಿಲ್ಲ. 1945ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಸುಟ್ಟ ಶವದ ದವಡೆಯೊಂದು ಸೋವಿಯತ್ ಸೇನೆಯ ಕೈಗೆ ಸಿಕ್ಕಿತು. ಅದು ಹಿಟ್ಲರನದೋ ಅಲ್ಲವೋ ತಿಳಿಯಲು ಅವನ ದಂತವೈದ್ಯನ ಸಹಾಯಕಿ ಕೇಟೆ ಹಾಯ್ಸರ್‌ಮನ್‌ಳನ್ನು ಹುಡುಕಿ ತಂದರು. ಆಕೆ ಅವನ ಬಾಯಿಯ ಸೇತುವೆ ಹಲ್ಲುಗಳ ವಿವರವನ್ನು ನೆನಪಿನಿಂದಲೇ ಹೇಳಿದಳು, ಹೊಂದಿತು. ಸತ್ಯ ಹೇಳಿದ್ದಕ್ಕೆ ಆಕೆಗೆ ಸಿಕ್ಕ ಬಹುಮಾನ ವರ್ಷಗಟ್ಟಲೆ ಸೋವಿಯತ್ ಸೆರೆವಾಸ. ಹಿಟ್ಲರ್ ಸತ್ತಿದ್ದಾನೆಂದು ಜಗತ್ತಿಗೆ ತಿಳಿಯುವುದು ಸ್ಟಾಲಿನ್‌ಗೆ ಬೇಕಿರಲಿಲ್ಲ. ಫ್ರಾನ್ಸಿನ ತಜ್ಞರು ಮಾಸ್ಕೋದಲ್ಲಿರುವ ಆ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿ, ಅವು ಅವನವೇ ಎಂದು 2018ರಲ್ಲಿ ಪ್ರಕಟಿಸಿದರು.

ಇಂದು ಸಾಮೂಹಿಕ ಸಾವುಗಳಾದಾಗ ಇಂಟರ್‌ಪೋಲ್ ಪ್ರಧಾನ ಗುರುತೆಂದು ಒಪ್ಪುವುದು ಮೂರನ್ನು: ಬೆರಳಚ್ಚು, ಹಲ್ಲು, ಡಿಎನ್‌ಎ. 2004ರ ಡಿಸೆಂಬರ್‌ನ ಸುನಾಮಿಯ ನಂತರ ಥಾಯ್ಲೆಂಡಿನ ಕಡಲತೀರದಲ್ಲಿ ಸಾವಿರಾರು ದೇಹಗಳು ಬಿಸಿಲಿಗೆ ಕೆಟ್ಟು ಗುರುತು ಸಿಗದಂತಾಗಿದ್ದವು. ಮೊದಲ ತಿಂಗಳುಗಳಲ್ಲಿ ಯುರೋಪಿನ ಪ್ರವಾಸಿಗಳನ್ನು ಹೆಚ್ಚಾಗಿ ಗುರುತಿಸಿದ್ದು ಹಲ್ಲಿನಿಂದ. ಅವರ ಊರಿನ ವೈದ್ಯರು ನಕಲು ಕಳಿಸಿದ್ದರು. ಅದೇ ನೀರಿನಲ್ಲಿ ಸತ್ತ ಥಾಯ್ ಮೀನುಗಾರನಿಗೂ ಹಲ್ಲುಗಳಿದ್ದವು. ಹೋಲಿಸಲು ಚೀಟಿ ಇರಲಿಲ್ಲ.

ನಾವೂ ಆ ಮೀನುಗಾರನ ಸಾಲಿನವರೇ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಸುಟ್ಟ ದೇಹಗಳನ್ನು ಸಂಬಂಧಿಕರು ವಾಚು, ಉಂಗುರ, ಬಟ್ಟೆಯ ಚೂರು ನೋಡಿ ಕೊಂಡೊಯ್ದರು. ಆ ಹೊತ್ತಿನಲ್ಲಿ ಅದಲ್ಲದೆ ಅವರಿಗೆ ಬೇರೆ ದಾರಿ ಏನಿತ್ತು? ಉಳಿದ ದೇಹಗಳ ಡಿಎನ್‌ಎ ಪರೀಕ್ಷೆ ಹೈದರಾಬಾದಿನಲ್ಲಿ ನಡೆಯಿತು. ಆದರೂ 12 ದೇಹಗಳು ಯಾರವೆಂದು ತಿಳಿಯಲೇ ಇಲ್ಲ. ಅವುಗಳಿಗೆ ತಣ್ಣೀರುಬಾವಿ ಬಳಿ ಒಟ್ಟಿಗೆ ಅಂತ್ಯಸಂಸ್ಕಾರವಾಯಿತು. ಕಣ್ಣಂದಾಜಿನಲ್ಲಿ ಒಬ್ಬರ ದೇಹ ಇನ್ನೊಬ್ಬರ ಮನೆಗೆ ಹೋದರೆ, ಆಮೇಲೆ ಡಿಎನ್‌ಎ ಕೂಡ ಹೊಂದುವ ರಕ್ತಕ್ಕಾಗಿ ವೃಥಾ ಹುಡುಕಬೇಕಾಗುತ್ತದೆ. ದೇಶದಲ್ಲೇ ಅತಿ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು.

ಕಚ್ಚಿದ ಗಾಯದಿಂದ ಅಪರಾಧಿಯನ್ನು ಹಿಡಿಯುವುದು ಇದೇ ವಿದ್ಯೆಯ ಇನ್ನೊಂದು ಕವಲು. ಪತ್ತೇದಾರಿ ಕಾದಂಬರಿಗಳಿಗೆ ಇದೇ ಹೆಚ್ಚು ಪ್ರಿಯ. ದೆಹಲಿಯಲ್ಲಿ 2012ರ ಡಿಸೆಂಬರ್ 16ರಂದು ನಡೆದ ಬಸ್ಸಿನ ಅತ್ಯಾಚಾರ ಪ್ರಕರಣದಲ್ಲಿ ಗಾಯಗಳ ಛಾಯಾಚಿತ್ರ ಹಾಗೂ ಆರೋಪಿಗಳ ಹಲ್ಲಿನ ಅಚ್ಚುಗಳು ಪರೀಕ್ಷೆಗೆ ಬಂದದ್ದು ನಮ್ಮ ಧಾರವಾಡದ ಎಸ್‌ಡಿಎಂ ದಂತವೈದ್ಯ ಕಾಲೇಜಿಗೆ. 2017ರ ಮೇ ತಿಂಗಳ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ವರದಿಯನ್ನು ಒಪ್ಪಿಕೊಂಡಿತು. ಅಲ್ಲಿ ಡಿಎನ್‌ಎ ಸೇರಿದಂತೆ ಬೇರೆ ಬಲವಾದ ಸಾಕ್ಷ್ಯಗಳೂ ಇದ್ದವು.

ಬೇರೆ ಸಾಕ್ಷ್ಯ ಇಲ್ಲದಿದ್ದರೆ? ಅಮೆರಿಕದ ಅರಿಜೋನಾದಲ್ಲಿ ರೇ ಕ್ರೋನ್ ಎಂಬಾತನಿಗೆ 1992ರಲ್ಲಿ ಮರಣದಂಡನೆಯಾದದ್ದು ಹೆಚ್ಚಾಗಿ ಕಚ್ಚಿದ ಗುರುತಿನ ಆಧಾರದ ಮೇಲೆ. ಅವನ ಹಲ್ಲು ಸೊಟ್ಟಗಿದ್ದವು. ಗಾಯ ಅದಕ್ಕೆ ತಾಳೆಯಾಗುತ್ತದೆಂದು ತಜ್ಞ ಸಾಕ್ಷಿ ನುಡಿದ. ಹತ್ತು ವರ್ಷದ ಮೇಲೆ, 2002ರಲ್ಲಿ, ಡಿಎನ್‌ಎ ಇನ್ನೊಬ್ಬನತ್ತ ಬೊಟ್ಟು ಮಾಡಿ ಕ್ರೋನ್ ಬಿಡುಗಡೆಯಾದ. ಕಾರಣ ಸರಳ. ಕೀಪ್ ಇಟ್ಟಿದ್ದ ಅಚ್ಚು ಗಟ್ಟಿ, ಚರ್ಮ ಮೆತು. ಅದು ಎಳೆದರೆ ಹಿಗ್ಗುತ್ತದೆ, ಬಾಯುತ್ತದೆ, ಗಾಯ ಮಾಯುತ್ತ ಆಕಾರವನ್ನೇ ಬದಲಿಸುತ್ತದೆ. ಕಚ್ಚುವಾಗ ಊರುವುದೂ ಮುಂದಿನ ಕೆಲವೇ ಹಲ್ಲು. ಹೀಗೆ ಗುರುತಿಸುವುದಕ್ಕೆ ಸಾಕಷ್ಟು ವೈಜ್ಞಾನಿಕ ತಳಹದಿ ಇಲ್ಲವೆಂದು ಅಮೆರಿಕ ಸರ್ಕಾರದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2023ರ ವರದಿಯಲ್ಲಿ ಹೇಳಿದೆ. ಸತ್ತವರಿಗೆ ಹೆಸರು ಕೊಡುವ ಹಲ್ಲನ್ನು ನಂಬುವಷ್ಟು ಸಲೀಸಾಗಿ ಬದುಕಿದ್ದವನನ್ನು ಗಲ್ಲಿಗೇರಿಸುವ ಹಲ್ಲನ್ನು ನಂಬಲಾಗದು ಎಂದೇ ಈ ಲೇಖಕನ ಅಭಿಪ್ರಾಯ.

ಮೊದಲನೆಯದಕ್ಕೆ ಬೇಕಾದದ್ದು ದೊಡ್ಡ ಪ್ರಯೋಗಾಲಯವೇನಲ್ಲ. ಪೂರ್ತಿ ಕಟ್ಟುಹಲ್ಲು ಮಾಡುವಾಗ ಅಕ್ರಿಲಿಕ್‌ನೊಳಗೆ ಹೆಸರಿನ ಒಂದು ಪುಟ್ಟ ಚೀಟಿ ಸೇರಿಸುವ ರೂಢಿ ಕೆಲವು ದೇಶಗಳಲ್ಲಿದೆ. ವೈದ್ಯರು ಕೈಗೆ ಕೊಡುವ ಎಕ್ಸ್‌ರೇ ಫಿಲ್ಮನ್ನು ಹಲ್ಲುನೋವು ಹೋದ ದಿನವೇ ಬಿಸಾಡದೆ ಪಡಿತರ ಚೀಟಿ, ವಿಮೆ ಕಾಗದಗಳ ಜತೆ ಇಟ್ಟುಕೊಳ್ಳಬಹುದು. ಏನೂ ಇಲ್ಲದಾಗ ತಜ್ಞರು ಮನೆಯವರನ್ನು ಕೇಳುವುದು ಒಂದು ಭಾವಚಿತ್ರವನ್ನು, ಅದರಲ್ಲೂ ಹಲ್ಲು ಕಾಣುವಂತೆ ನಕ್ಕದ್ದನ್ನು. ಮುಂದಿನ ಆರು ಹಲ್ಲುಗಳ ಅಂಚು, ಸಂದು, ಓರೆಗಳನ್ನು ಹಿಗ್ಗಿಸಿ ಹೋಲಿಸುತ್ತಾರೆ. ನಮ್ಮ ಅಜ್ಜ ಅಜ್ಜಿಯರು ಸ್ಟುಡಿಯೊದಲ್ಲಿ ತುಟಿ ಬಿಗಿದು ಕುಳಿತೇ ಫೋಟೊ ತೆಗೆಸಿಕೊಂಡವರು. ಈಗಿನವರ ಮೊಬೈಲುಗಳಲ್ಲಾದರೋ ನಗುವ ಚಿತ್ರಗಳು ಸಾಕಷ್ಟಿವೆ.