ನೇತ್ರಾವತಿ ಪರಿಸರದ ಇಗರ್ಜಿಗಳು: ಕಟ್ಟಡ, ಐತಿಹ್ಯ ಮತ್ತು ಆಚರಣೆ

ಇಗರ್ಜಿಯ ಪ್ರಾಚೀನತೆಯನ್ನು ಅದರ ಗೋಡೆ, ಗೋಪುರ, ಶಿಲಾಫಲಕಗಳಿಂದ ನಿರ್ಣಯಿಸುವುದು ವಾಡಿಕೆ. ಮಧ್ಯಯುಗದ ಕಟ್ಟಡಗಳು ಇಂದಿಗೂ ಬಳಕೆಯಲ್ಲಿರುವ ಇಂಗ್ಲೆಂಡಿನ ಗ್ರಾಮಗಳಿಗೆ ಈ ಕ್ರಮ ಸಲ್ಲುತ್ತದೆ. ಮೆಲ್ಕಾರ್ ಸುತ್ತಲಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರಕ್ಕೆ ಮಾತ್ರ ಇದು ಸಾಲದು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಆಗ 27 ಇಗರ್ಜಿಗಳು ನೆಲಸಮವಾದುವೆಂದು ಇತಿಹಾಸಕಾರರು ಲೆಕ್ಕ ಕೊಟ್ಟಿದ್ದಾರೆ. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರು ಅವನ್ನು ಮತ್ತೆ ಕಟ್ಟಬೇಕಾಯಿತು. ಹೀಗಾಗಿ ಇಲ್ಲಿಯ ಪ್ರಾಚೀನತೆಯನ್ನು ಕಟ್ಟಡದಲ್ಲಿ ಮಾತ್ರವಲ್ಲದೆ ಸ್ಥಳ, ಐತಿಹ್ಯ ಮತ್ತು ಆಚರಣೆಗಳಲ್ಲಿಯೂ ಅರಸಬೇಕಾಗುತ್ತದೆ.

ಈ ದೃಷ್ಟಿಯಿಂದ ಮೂಡುಬಿದಿರೆ ಸಮೀಪದ ಹೊಸಬೆಟ್ಟುವಿನ ಹೋಲಿಕ್ರಾಸ್ ಇಗರ್ಜಿ ಮೊದಲು ಗಮನಿಸಬೇಕಾದುದು. 1784ರ ನಾಶದಿಂದ ಈ ಇಗರ್ಜಿ ಪಾರಾದುದು ಮೂಡುಬಿದಿರೆಯ ಚೌಟ ಅರಸನ ಮಧ್ಯಸ್ಥಿಕೆಯಿಂದ ಎಂದು ಕೆನರಾದ ಕ್ರೈಸ್ತ ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. 1430ರ ಸಾವಿರ ಕಂಬದ ಬಸದಿಯನ್ನು ಕಾಣಲು ಬರುವ ಯಾತ್ರಿಕರು ಅದೇ ನಾಡಿನ ಜೈನ ಅರಸು ಮನೆತನವೊಂದು ಇಗರ್ಜಿಯನ್ನು ಕಾಪಾಡಿದ ಸಂಗತಿಯನ್ನು ಅರಿಯುವುದು ವಿರಳ.

ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ ನೇತ್ರಾವತಿಯ ದಡದಲ್ಲಿರುವ ಮೊಂತೆ ಮರಿಯಾನೊ ಎರಡನೆಯ ನಿದರ್ಶನ. ಗೋವೆಯ ಪಾದ್ರಿ ಜೋಕಿಂ ಮಿರಾಂಡ 1763ರಲ್ಲಿ ಇಲ್ಲಿ ಆರಂಭಿಸಿದರೆಂದು ಹೇಳಲಾಗುವ ಮೊಂತಿ ಹಬ್ಬ, 1784ರ ನಾಶದ ನಂತರವೂ ಅಳಿಯಲಿಲ್ಲ. ಸೆಪ್ಟೆಂಬರ್ 8ರಂದು ಬರುವ ಈ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಕನ್ಯಾಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ಒಯ್ದು, ಅದರ ಹೊಸ ಅಕ್ಕಿಯನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಕುಟುಂಬದವರೆಲ್ಲರೂ ಸೇವಿಸುತ್ತಾರೆ. ಅಂದಿನ ಊಟ ಸಸ್ಯಾಹಾರ. ತುಳುವರ ಕುರಲ್ ಪರ್ಬಕ್ಕೂ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟ. ಮತ ಬೇರೆಯಾದರೂ ಗದ್ದೆಯ ಬದುಕು ಒಂದೇ ಆಗಿರುವುದೇ ಇದರ ಕಾರಣ.

ಮೆಲ್ಕಾರಿನಿಂದ ನೈಋತ್ಯಕ್ಕೆ ಸಾಗುವ ರಸ್ತೆ ಮುಡಿಪುವಿನ ಸಂತ ಜೋಸೆಫ್ ವಾಜ್ ಪುಣ್ಯಕ್ಷೇತ್ರವನ್ನು ತಲುಪುತ್ತದೆ. 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿದ ವಾಜ್ ಅವರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು. ಅವರು ಇಲ್ಲಿ ಮಂಡಿಯೂರಿ ಪ್ರಾರ್ಥಿಸಿದಾಗ ಎರಡು ಮೊಣಕಾಲುಗಳೂ ಊರುಗೋಲೂ ತಗುಲಿದೆಡೆ ಮೂರು ಒರತೆಗಳು ಹುಟ್ಟಿದುವೆಂಬುದು ಸ್ಥಳೀಯ ಐತಿಹ್ಯ. ಪುಣ್ಯಪುರುಷರ ಸ್ಪರ್ಶದಿಂದ ನೀರು ಚಿಮ್ಮುವ ಆಶಯ ನಾಡಿನ ಅನೇಕ ಸ್ಥಳಪುರಾಣಗಳಲ್ಲಿ ಕಂಡುಬರುವಂಥದು.

ಬೆಳ್ತಂಗಡಿ ಕಡೆಯ ಚಿತ್ರದಲ್ಲಿ ಮತ್ತೊಂದು ಪದರವಿದೆ. ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಕೃಷಿಕರ ಸೀರೋ ಮಲಬಾರ್ ಇಗರ್ಜಿಗಳಿಗೆ 1999ರಲ್ಲಿ ಪ್ರತ್ಯೇಕ ಧರ್ಮಪ್ರಾಂತ ರೂಪುಗೊಂಡಿತು. ಕೊಂಕಣಿ ಪ್ರಾರ್ಥನೆಯ ಜೊತೆಗೆ ಮಲಯಾಳ ಪ್ರಾರ್ಥನೆಯೂ ಈ ನೆಲದ್ದಾಯಿತು.

ಹಳೆಯ ಕಟ್ಟಡಕ್ಕೆ ಬದಲಾಗಿ ಹೊಸದನ್ನು ಕಟ್ಟಿದಾಗ ಕನಿಷ್ಠ ಛಾಯಾಚಿತ್ರವಾದರೂ ಉಳಿಯಬಹುದು. ಚೌಟ ಅರಸನ ನೆನಪು, ಒರತೆಯ ಕತೆ, ತೆನೆಯನ್ನು ಮನೆತುಂಬಿಸುವ ಕ್ರಮ ಹಾಗಲ್ಲ. ಹೇಳುವ ಹಿರಿಯರು ಇಲ್ಲವಾದಂತೆ ಅವೂ ಇಲ್ಲವಾಗುತ್ತವೆ. ಆದ್ದರಿಂದ ಈ ಪರಿಸರದ ಇಗರ್ಜಿಗಳ ಸಮೀಕ್ಷೆಯು ವಾಸ್ತುವಿವರಗಳಿಗೆ ಸೀಮಿತವಾಗದೆ, ಕೊಂಕಣಿ, ತುಳು, ಮಲಯಾಳ, ಕನ್ನಡಗಳಲ್ಲಿ ಹರಡಿರುವ ಮೌಖಿಕ ಪರಂಪರೆಯನ್ನೂ ಸಮಾನವಾದ ಆಕರವೆಂದು ಪರಿಗಣಿಸಬೇಕಾಗಿದೆ.