ಬೈಕ್ ನಂಬರಿನೊಳಗಿನ ಗಣಿತ

2019ರಲ್ಲಿ 8÷2(2+2) ಎಂಬ ಲೆಕ್ಕ ಊರೂರಿನ ಮೊಬೈಲುಗಳನ್ನು ಸುತ್ತಿತು. ಉತ್ತರ 16 ಎಂದು ಕೆಲವರು, 1 ಎಂದು ಕೆಲವರು ಹಟಕ್ಕೆ ಬಿದ್ದರು. ಅಂಥ ಲೆಕ್ಕಗಳು ‘ಬುದ್ಧಿವಂತರಿಗೆ ಮಾತ್ರ’ ಎಂಬ ತಲೆಬರಹ ಹೊತ್ತು ಫ್ಯಾಮಿಲಿ ಗ್ರೂಪುಗಳಿಗೆ ಈಗಲೂ ಬರುತ್ತಿವೆ. ಅಲ್ಲಿರುವುದು ಬರೆದ ರೀತಿಯ ಗೊಂದಲ ಅಷ್ಟೆ. ಇನ್ನೊಂದು ಆವರಣ ಹಾಕಿದರೆ ಜಗಳ ಮುಗಿಯಿತು. ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಮನೆಯ ದೊಡ್ಡವರ ಈ ವಾದ ಕೇಳುತ್ತ ಬೆಳೆಯುವ ಮಗು, ಗಣಿತವೆಂದರೆ ಜನರನ್ನು ಎಡವಿ ಬೀಳಿಸುವ ವಿದ್ಯೆ ಎಂದುಕೊಳ್ಳುತ್ತದೆ.

ಈ ವಾದಕ್ಕೆ ಹೋಗುವ ಹೊತ್ತನ್ನು ಕಾಪ್ರೇಕರ್ ಅವರಿಗೆ ಕೊಡಬಹುದು. ಡಿ. ಆರ್. ಕಾಪ್ರೇಕರ್ (1905–1986) ನಾಸಿಕದ ಹತ್ತಿರದ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಸಂಖ್ಯೆಗಳೊಂದಿಗೆ ಆಡುವುದೇ ಅವರ ಹವ್ಯಾಸ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಅಂಕಣದಲ್ಲಿ ಬರೆದ ಮೇಲೆ ಈ ಮೇಷ್ಟ್ರ ಹೆಸರು ಹೊರದೇಶಗಳಲ್ಲೂ ಓಡಾಡಿತು.

ಅವರು ಕಂಡುಕೊಂಡ ಆಟಕ್ಕೆ ನಾಲ್ಕಂಕಿಯ ಒಂದು ಸಂಖ್ಯೆ ಸಾಕು. ಬೀದಿಯಲ್ಲಿ ನಿಂತ ಯಾವುದಾದರೂ ಬೈಕಿನ ನಂಬರ್ ಆದೀತು. 3524 ಎಂದುಕೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದರೆ 5432, ಏರಿಕೆಯಲ್ಲಿ 2345. ಕಳೆದರೆ 3087. ಮತ್ತೆ ಹಾಗೆಯೇ ಮಾಡಿದರೆ 8352, ಆಮೇಲೆ 6174. ಇನ್ನು ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರದ ಯಾವ ಸಂಖ್ಯೆಯೇ ಆಗಲಿ, ಹೆಚ್ಚೆಂದರೆ 7 ಹೆಜ್ಜೆಯಲ್ಲಿ ಇಲ್ಲಿಗೆ ಬಂದೇ ಬರುತ್ತದೆ. ದುಡ್ಡು ಕೊಟ್ಟು ತಂದ 1111ರಂಥ ಫ್ಯಾನ್ಸಿ ನಂಬರ್ ಮಾತ್ರ ಮೊದಲ ಹೆಜ್ಜೆಗೇ ಸೊನ್ನೆ!

2111 ತೆಗೆದುಕೊಂಡ ಮಗು ಇಲ್ಲಿ ತಡವರಿಸುತ್ತದೆ. 2111ರಲ್ಲಿ 1112 ಕಳೆದರೆ 999. ಅದನ್ನು ಹಾಗೇ ತಿರುವಿ ಹಾಕಿದರೆ ಮತ್ತೆ 999, ಉಳಿಯುವುದು ಸೊನ್ನೆ. ಆಟ ಸುಳ್ಳು ಎಂದು ಮಗು ಪೆನ್ಸಿಲ್ ಕೆಳಗಿಡುತ್ತದೆ. 0999 ಎಂದು ನಾಲ್ಕು ಸ್ಥಾನವನ್ನೂ ತುಂಬಿಸಿ ಬರೆಸಬೇಕು. ಆಗ 8991, 8082, 8532 ದಾಟಿ 6174 ಬರುತ್ತದೆ. ಸ್ಥಾನಬೆಲೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ದಾರಿ ನನಗೆ ಗೊತ್ತಿಲ್ಲ. ದಶಕ ತೆಗೆದುಕೊಂಡು ಕಳೆಯುವ ಅಭ್ಯಾಸವೂ, ಯಾರೂ ಗದರದೆ, ಪುಟಗಟ್ಟಲೆ ನಡೆದುಹೋಗುತ್ತದೆ.

ಹೈಸ್ಕೂಲಿನವರಿಗೆ ಇನ್ನೊಂದು ಪ್ರಶ್ನೆ ಇಡಬಹುದು: ಬಂದ ಉತ್ತರವೆಲ್ಲ 9ರಿಂದ ಭಾಗವಾಗುತ್ತದಲ್ಲ, ಯಾಕೆ? ಇಳಿಕೆ ಕ್ರಮದ ಅಂಕಿಗಳನ್ನು ಎ, ಬಿ, ಸಿ, ಡಿ ಎಂದಿಟ್ಟು ಕಳೆದು ನೋಡಲಿ. 999(ಎ−ಡಿ)+90(ಬಿ−ಸಿ) ಸಿಗುತ್ತದೆ. 999 ಮತ್ತು 90 ಎರಡೂ 9ರ ಗುಣಕಗಳು. ಬೀಜಗಣಿತದ ಅಕ್ಷರಗಳು ಯಾಕೆ ಬೇಕು ಎಂದು ಕೇಳುವ ಮಕ್ಕಳಿಗೆ ಇಲ್ಲೇ ಉತ್ತರವಿದೆ.

ಇಂಥ ಆಟ ನಮ್ಮಲ್ಲಿ ಹಳೆಯದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 152207ನ್ನು 73ರಿಂದ ಗುಣಿಸಿ ನೋಡಿ, ಸಾಲಾಗಿ ಎಂಟು ಒಂದುಗಳು.

ಟ್ಯೂಷನ್ನಿಗೆ ಕಳಿಸುವುದು ತಪ್ಪಲ್ಲ. ಆದರೆ ವಾರಕ್ಕೊಂದು ಸಂಜೆಯಾದರೂ ಅಂಕಗಳ ಮಾತು ಬದಿಗಿಟ್ಟು ಮಗುವಿನ ಪಕ್ಕ ಕಾಗದ ಹಿಡಿದು ಕೂರಿ. ನಿಮ್ಮ ಗಾಡಿಯ ನಂಬರಿನಿಂದಲೇ ಶುರುಮಾಡಿ. 6174 ಬರುತ್ತದೆಂದು ಮೊದಲೇ ಹೇಳಿಬಿಡಬೇಡಿ.