ರಿಪೋರ್ಟ್‌ನಲ್ಲಿ 'ರೇಮಸ್' ಅಂತ ಬಂದರೆ ಏನರ್ಥ?

ಚಾಕಣದಿಂದ ಮಾತಾಡ್ತಾ ಇದೀನಿ. ವಿಡಿಯೋ ನೋಡೋಕೆ ಟೈಮ್ ಇಲ್ಲ, ಕಂಪನಿ ಬಸ್ಸಿನಲ್ಲಿ ಕೂತು ಓದ್ತೀವಿ ಅನ್ನೋರಿಗೆ ಎಂದಿನ ಹಾಗೆ ಮಾತನ್ನ ಬರಹಕ್ಕೆ ಇಳಿಸಿದ್ದೇನೆ. ಇವತ್ತಿನ ಪದ 'ರೇಮಸ್'.

ಯಾಕೆ ಈ ಪದ? ನಮ್ಮಲ್ಲಿ ಬಹಳ ಜನರ ಅಪ್ಪ-ಅಮ್ಮ ಇನ್ನೂ ಊರಲ್ಲೇ ಇದ್ದಾರೆ, ವಿಜಯಪುರದಲ್ಲೋ ಹಾವೇರಿಯಲ್ಲೋ ಹಾಸನದಲ್ಲೋ. ಅಲ್ಲಿ ಸ್ಕ್ಯಾನ್ ಆಗುತ್ತೆ, ರಿಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಇಲ್ಲಿಗೆ ಬರುತ್ತೆ. 'ಏನ್ ಬರ್ದಾರೆ ನೋಡಪ್ಪ' ಅಂತ ಕೇಳೋದು ನಿಮ್ಮನ್ನೇ, ಯಾಕಂದ್ರೆ ಮನೆಯಲ್ಲಿ ಇಂಗ್ಲಿಷ್ ಬರೋದು ನಿಮಗೆ. ಆದರೆ ಈ ಪದ ಇಂಗ್ಲಿಷ್ ಅಲ್ಲ, ಲ್ಯಾಟಿನ್. ಜೊತೆಗೆ ಹೃದಯದ ರಿಪೋರ್ಟಿನಲ್ಲಿ ಇದಕ್ಕೆ ಒಂದರ್ಥ, ಸೊಂಟದ ಎಕ್ಸ್‌ರೇಯಲ್ಲಿ ಇನ್ನೊಂದು, ಬೆನ್ನಿನ ವಿಷಯಕ್ಕೆ ಬಂದರೆ ಮತ್ತೊಂದು.

ಮೊದಲು ಪದ ನೋಡೋಣ. ಲ್ಯಾಟಿನ್‌ನಲ್ಲಿ 'ರಾಮುಸ್' ಅಂದರೆ ಮರದ ಕೊಂಬೆ. ಅದರ ಬಹುವಚನ 'ರಾಮೀ'. ಡಾಕ್ಟರುಗಳು ಇಂಗ್ಲಿಷ್ ರೀತಿಯಲ್ಲಿ ರೇಮಸ್, ರೇಮೈ ಅಂತಾರೆ. ಆಫೀಸ್ ಮೀಟಿಂಗಿನಲ್ಲಿ ಕೇಳ್ತೀವಲ್ಲ, 'ಈ ಡಿಸಿಷನ್‌ನ ರ‍್ಯಾಮಿಫಿಕೇಶನ್ಸ್ ಏನು' ಅಂತ, ಅದೂ ಇದೇ ಪದದ ಕೂಸು. ಒಂದು ನಿರ್ಧಾರ ಎಲ್ಲೆಲ್ಲಿಗೆ ಕವಲೊಡೆಯುತ್ತೆ ಅಂತ ಅರ್ಥ.

ಕನ್ನಡದ 'ರೆಂಬೆ'ಗೂ ರೇಮಸ್ಸಿಗೂ ನಂಟಿದೆಯಾ ಅಂತ ಕೆಲವರಿಗೆ ಅನುಮಾನ ಬರಬಹುದು. ಇಲ್ಲ. ರೆಂಬೆ ದ್ರಾವಿಡ ಪದ, ತೆಲುಗಿನ 'ರೆಮ್ಮ' ಅದರ ಬಂಧು. ಲ್ಯಾಟಿನ್ ರಾಮುಸ್‌ಗೆ ನಿಜವಾದ ನೆಂಟ ಲ್ಯಾಟಿನ್ನಿನದೇ 'ರಾಡಿಕ್ಸ್', ಅಂದರೆ ಬೇರು. ಬೇರಿಗೂ ಕೊಂಬೆಗೂ ಮೂಲ ಒಂದೇ ಅನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಆದರೂ ನೆನಪಿಟ್ಟುಕೊಳ್ಳೋಕೆ 'ರೇಮಸ್ ಅಂದ್ರೆ ರೆಂಬೆ' ಅನ್ನೋದು ಒಳ್ಳೆ ಸೂತ್ರ. ಅರ್ಥ ಸರಿಯಾಗೇ ಇದೆ, ಸಂಬಂಧ ಮಾತ್ರ ಕಾಕತಾಳೀಯ.

ದೇಹವನ್ನು ಮರದ ಹಾಗೆ ನೋಡೋದು ಯುರೋಪಿನವರ ಸ್ವತ್ತಲ್ಲ. ಸುಶ್ರುತ ಸಂಹಿತೆಯಲ್ಲಿ ದೇಹಕ್ಕೆ ಆರು ಅಂಗ: ತಲೆ ಒಂದು, ನಡುಭಾಗ ಒಂದು, ಉಳಿದ ನಾಲ್ಕು 'ಶಾಖೆ'ಗಳು, ಅಂದರೆ ಕೈಕಾಲು. ಆದರೆ ಈಗಿನ ರಿಪೋರ್ಟುಗಳ ಭಾಷೆ ಬಂದದ್ದು ಬೇರೆ ಕಡೆಯಿಂದ. 19ನೇ ಶತಮಾನದಲ್ಲಿ ಒಂದೇ ಅಂಗಕ್ಕೆ ಒಂದೊಂದು ಪುಸ್ತಕದಲ್ಲಿ ಒಂದೊಂದು ಹೆಸರು. ಎಲ್ಲ ಸೇರಿ 50,000ದಷ್ಟು ಹೆಸರುಗಳಾಗಿದ್ದವು. 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಂಗರಚನಾಶಾಸ್ತ್ರಜ್ಞರು ಸೇರಿ ಅವನ್ನು ಸುಮಾರು 5,000ಕ್ಕೆ ಇಳಿಸಿ ಲ್ಯಾಟಿನ್ ಪಟ್ಟಿ ಮಾಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ದೇಹಕ್ಕೆ ಒಂದು ನೇಮಿಂಗ್ ಕನ್ವೆನ್ಷನ್ ಬಂತು.

ಈಗ ಮೂರು ರಿಪೋರ್ಟು ನೋಡೋಣ.

ಒಂದು, ಹೃದಯದ ಆಂಜಿಯೋಗ್ರಾಮ್. ಹೃದಯದ ಸ್ನಾಯುವಿಗೆ ರಕ್ತ ಕೊಡೋ ಎಡಗಡೆಯ ಮುಖ್ಯ ರಕ್ತನಾಳ ಸಾಮಾನ್ಯವಾಗಿ ಎರಡಾಗಿ ಒಡೆಯುತ್ತೆ. ಒಂದು ಹೃದಯದ ಮುಂಭಾಗದಲ್ಲಿ ಇಳಿಯೋ ಎಲ್‌ಎಡಿ, ಇನ್ನೊಂದು ಪಕ್ಕಕ್ಕೆ ಸುತ್ತಿ ಹೋಗೋ ಸರ್ಕಮ್‌ಫ್ಲೆಕ್ಸ್. ಕೆಲವರಿಗೆ, ಐದು ಜನರಲ್ಲಿ ಒಬ್ಬರ ಆಸುಪಾಸು, ಇವೆರಡರ ನಡುವೆ ಮೂರನೇ ಕವಲೂ ಇರುತ್ತೆ. ಅದೇ 'ರೇಮಸ್ ಇಂಟರ್‌ಮೀಡಿಯಸ್', ಅಂದರೆ ನಡುವಿನ ಕೊಂಬೆ. ರಿಪೋರ್ಟಿನಲ್ಲಿ ಬರೀ 'ರೇಮಸ್' ಅಂತ ಬರೆದಿರುತ್ತಾರೆ. ಅದರ ಮುಂದೆ 'ಆಬ್ಸೆಂಟ್' ಅಂತಿದ್ದರೆ ಗಾಬರಿ ಬೇಡ. ಅಪ್ಪನ ಹೃದಯದಲ್ಲಿ ಏನೋ ಕಳೆದುಹೋಗಿಲ್ಲ, ಹೆಚ್ಚಿನವರಿಗೆ ಆ ಕವಲು ಹುಟ್ಟಿನಿಂದಲೇ ಇರೋದಿಲ್ಲ. ಆದರೆ ಕವಲು ಇದ್ದು, ಅದರ ಮುಂದೆ 'ಸ್ಟೆನೋಸಿಸ್' ಅಂತ ಬಂದರೆ ಅಲ್ಲಿ ನಾಳ ಕಿರಿದಾಗಿದೆ ಅಂತ. ಆ ಕವಲು ದೊಡ್ಡದಾಗಿದ್ದರೆ ಹೃದಯದ ಪಕ್ಕದ ಗೋಡೆಗೆ ರಕ್ತ ಹೋಗೋದು ಅದರಿಂದಲೇ. ಆಗ ಅದನ್ನು 'ಸಣ್ಣ ರೆಂಬೆ ಬಿಡು' ಅಂತ ಬಿಡೋ ಹಾಗಿಲ್ಲ.

ಎರಡು, ಸೊಂಟ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು, ರಿಪೋರ್ಟಿನಲ್ಲಿ 'ಪ್ಯೂಬಿಕ್ ರೇಮಸ್ ಫ್ರ್ಯಾಕ್ಚರ್' ಅಂತ ಬಂತು ಅಂದುಕೊಳ್ಳಿ. ಇಲ್ಲಿ ರೇಮಸ್ ರಕ್ತನಾಳ ಅಲ್ಲ, ಮೂಳೆ. ನಮ್ಮ ಸೊಂಟದ ಮೂಳೆಗಳು ಉಂಗುರದ ಹಾಗೆ ಕೂಡಿಕೊಂಡಿವೆ. ಆ ಉಂಗುರದ ಮುಂಭಾಗದಲ್ಲಿ ಎರಡೂ ಕಡೆ ಮೇಲೊಂದು ಕೆಳಗೊಂದು ಕೊಂಬೆಯಂಥ ಮೂಳೆಗಳಿವೆ. 'ಸುಪೀರಿಯರ್ ರೇಮಸ್' ಅಂದರೆ ಮೇಲಿನದು, 'ಇನ್‌ಫೀರಿಯರ್ ರೇಮಸ್' ಅಂದರೆ ಕೆಳಗಿನದು. ಒಳ್ಳೇದು ಕೆಟ್ಟದ್ದು ಅಂತ ಅಲ್ಲ.

ಇಲ್ಲೇ ಫೋನಿನಲ್ಲಿ ಎಡವಟ್ಟಾಗೋದು. ಊರಿನಿಂದ 'ಸೊಂಟ ಮುರೀತು' ಅಂತಾರೆ. ಆದರೆ ತೊಡೆ ಮೂಳೆಯ ಮೇಲ್ತುದಿ ಮುರಿದರೂ ನಮ್ಮ ಜನ ಹೇಳೋದು ಅದನ್ನೇ. ತೊಡೆ ಮೂಳೆಯದಾದರೆ ಸಾಮಾನ್ಯವಾಗಿ ಆಪರೇಷನ್ ಬೇಕು, ಅದೂ ಬೇಗ. ವಯಸ್ಸಾದವರು ನಿಂತಲ್ಲಿಂದ ಬಿದ್ದು ರೇಮಸ್ ಮಾತ್ರ ಮುರಿದಿದ್ದು, ಉಂಗುರ ಗಟ್ಟಿಯಾಗೇ ಇದ್ದರೆ, ಹೆಚ್ಚಿನ ಸಲ ಆಪರೇಷನ್ ಇಲ್ಲದೇ ವಾಸಿಯಾಗುತ್ತೆ. ನೋವಿನ ಔಷಧಿ ಕೊಟ್ಟು, ವಾಕರ್ ಹಿಡಿಸಿ ಬೇಗ ನಡೆಸೋಕೆ ಶುರು ಮಾಡ್ತಾರೆ. 'ಮೂರು ತಿಂಗಳು ಮಲಗಿಸಿಬಿಡಿ' ಅಂತ ಮನೆಯವರು ತೀರ್ಮಾನ ಮಾಡಿದರೆ ಅಪಾಯ. ಮಲಗಿದಲ್ಲೇ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋದು, ನ್ಯುಮೋನಿಯಾ ಎಲ್ಲ ಹಿಂದೆ ಬರುತ್ತವೆ. ಸಣ್ಣ ಬೀಳುವಿಕೆಗೇ ಮೂಳೆ ಮುರಿದಿದ್ದರೆ ಮೂಳೆ ಸವೆತ ಇದೆಯಾ ಅಂತಲೂ ಕೇಳಬೇಕು. ಬೈಕ್ ಅಪಘಾತದಲ್ಲಿ ಇದೇ ಮೂಳೆ ಮುರಿದರೆ ಮಾತ್ರ ಕಥೆ ಬೇರೆ. ಒಳಗೆ ರಕ್ತಸ್ರಾವ, ಮೂತ್ರಕೋಶಕ್ಕೆ ಪೆಟ್ಟು ಇರಬಹುದು, ಅದು ತುರ್ತು.

ಮೂರು, ಬೆನ್ನು. ಇದು ನಮ್ಮ ಜನರ ಸ್ವಂತ ಆಸ್ತಿ! ಬೆನ್ನುಹುರಿಯಿಂದ 31 ಜೋಡಿ ನರಗಳು ಹೊರಡುತ್ತವೆ. ಪ್ರತಿ ನರವೂ ಹೊರಗೆ ಬಂದ ತಕ್ಷಣ ಎರಡು ರೇಮಸ್ ಆಗುತ್ತೆ. ಹಿಂದಿನದು ಬೆನ್ನಿನ ಸ್ನಾಯು, ಚರ್ಮ, ಬೆನ್ನೆಲುಬಿನ ಸಣ್ಣ ಕೀಲುಗಳಿಗೆ ಹೋಗುತ್ತೆ. ಮುಂದಿನದು ದೊಡ್ಡದು, ಕೈಕಾಲಿಗೆ ಹೋಗೋದು ಅದೇ. ಕುತ್ತಿಗೆಯ ಸಿ5ರಿಂದ ಎದೆಯ ಟಿ1ರವರೆಗಿನ ಮುಂದಿನ ರೇಮಸ್‌ಗಳು ಹೆಣೆದುಕೊಂಡು ಕೈಯ ನರಗಳಾಗುತ್ತವೆ. ಅದಕ್ಕೇ ತೊಂದರೆ ಕುತ್ತಿಗೆಯಲ್ಲಿದ್ದರೂ ಬೆರಳು ಜುಮ್ ಅನ್ನೋದು. ಬೆನ್ನಿನಲ್ಲೇ ಉಳಿಯೋ ಕೀಲುನೋವಿಗೆ ಡಾಕ್ಟರು 'ಮೀಡಿಯಲ್ ಬ್ರ್ಯಾಂಚ್ ಬ್ಲಾಕ್' ಅಂದರೆ, ಅದು ಹಿಂದಿನ ರೇಮಸ್‌ನ ಒಂದು ಮರಿ ಕವಲಿಗೆ ಕೊಡೋ ಇಂಜೆಕ್ಷನ್. ಕಾಲಿನ ಬಲ ಕಡಿಮೆಯಾದರೆ, ಅಥವಾ ಮಲ-ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಪದದ ಅರ್ಥ ಹುಡುಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹಾಗಾದರೆ ರಕ್ತನಾಳ, ಮೂಳೆ, ನರ ಮೂರಕ್ಕೂ ಒಂದೇ ಹೆಸರು ಯಾಕೆ? ರೇಮಸ್ ಅನ್ನೋದು ವಸ್ತುವಿನ ಹೆಸರಲ್ಲ, ಸಂಬಂಧದ ಹೆಸರು. 'ತಮ್ಮ' ಅಂದ ಹಾಗೆ. ಯಾರ ತಮ್ಮ ಅಂತ ಗೊತ್ತಾಗದೆ ಮನುಷ್ಯ ಗೊತ್ತಾಗಲ್ಲ. ಚಾಕಣದ ತಳೇಗಾವ್ ಚೌಕದಲ್ಲಿ ಪುಣೆ–ನಾಶಿಕ್ ರಸ್ತೆಯಿಂದ ಒಂದು ದಾರಿ ತಳೇಗಾವ್‌ಗೆ, ಒಂದು ಶಿಕ್ರಾಪುರಕ್ಕೆ ಹೋಗುತ್ತೆ. ಬರೀ 'ಕ್ರಾಸಲ್ಲಿ ತಿರುಗಿ' ಅಂದರೆ ಯಾರಿಗೂ ಕಂಪನಿ ಸಿಗಲ್ಲ.

ಆದ್ದರಿಂದ ರಿಪೋರ್ಟ್ ಫೋಟೋ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವುದರ ರೇಮಸ್, ಮೂಳೆಯದಾ, ರಕ್ತನಾಳದ್ದಾ, ನರದ್ದಾ? ಪಕ್ಕದಲ್ಲಿ ಮೇಲಿನದು, ಕೆಳಗಿನದು, ಎಡ, ಬಲ ಅಂತ ಏನಿದೆ? (ಎಡ ಅಂದರೆ ರೋಗಿಯ ಎಡ.) ಕೊನೆಗೆ, ಅದಕ್ಕೆ ಏನಾಗಿದೆ ಅಂತ ಬರೆದಿದ್ದಾರೆ: ನಾರ್ಮಲ್, ಆಬ್ಸೆಂಟ್, ಸ್ಟೆನೋಸಿಸ್, ಫ್ರ್ಯಾಕ್ಚರ್? ಈ ಮೂರು ಗೊತ್ತಾದರೆ ಊರಿನ ಡಾಕ್ಟರಿಗೆ ಫೋನ್ ಮಾಡಿದಾಗ ಸರಿಯಾದ ಪ್ರಶ್ನೆ ಕೇಳಬಹುದು. ಚಿಕಿತ್ಸೆ ತೀರ್ಮಾನ ಮಾಡೋದು ಅವರೇ. ನಮ್ಮ ಕೆಲಸ, ಆರುನೂರು ಕಿಲೋಮೀಟರ್ ಆಚೆ ಕೂತು ಮನೆಯವರಿಗೆ ತಪ್ಪು ಧೈರ್ಯ ಅಥವಾ ತಪ್ಪು ಭಯ ಎರಡನ್ನೂ ಕೊಡದೇ ಇರೋದು.

ಮುಂದಿನ ಮಾತು 'ಪ್ಲೆಕ್ಸಸ್' ಬಗ್ಗೆ. ಈ ಕೊಂಬೆಗಳೆಲ್ಲ ಸೇರಿ ಜಡೆ ಹೆಣೆದುಕೊಂಡರೆ ಅದೇ. ಸಿಗೋಣ.